ಆಹಾರ ಬದಲಿಸಿದರೆ ಹಣ್ಣಿನ ನೊಣದ ಆಯಸ್ಸು ಬದಲಾಗುತ್ತದಾ ಅಂತ ಲ್ಯಾಬ್‌ನಲ್ಲಿ ಹೇಗೆ ಪರೀಕ್ಷಿಸುತ್ತಾರೆ?

ಒಂದೇ ವಯಸ್ಸಿನ ನೊಣಗಳನ್ನು ಸಣ್ಣ ಸೀಸೆಗಳಿಗೆ ಹಂಚಿ, ಆಹಾರವೊಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ ಇರುವಂತೆ ಸಾಕುತ್ತಾರೆ: ಸುಮಾರು 25 ಡಿಗ್ರಿ ಶಾಖ, ಬೆಳಕು, ಸೀಸೆಗೆ ಇಷ್ಟೇ ನೊಣ. ಎರಡು ಮೂರು ದಿನಕ್ಕೊಮ್ಮೆ ಹೊಸ ಸೀಸೆಗೆ ದಾಟಿಸಿ, ಸತ್ತವನ್ನು ಎಣಿಸುತ್ತಾರೆ. ಕೊನೆಯ ನೊಣ ಸಾಯುವವರೆಗೂ ಇದೇ ಕೆಲಸ, ತಿಂಗಳುಗಟ್ಟಲೆ! ಹಾರಿಹೋದದ್ದನ್ನು ಸತ್ತವುಗಳ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಫಲಿತಾಂಶ ಸ್ವಾರಸ್ಯವಾಗಿದೆ. ಯೀಸ್ಟ್ ಕಡಿಮೆ ಮಾಡಿದರೆ (ಪ್ರೋಟೀನ್ ಸಿಗುವುದು ಅದರಿಂದಲೇ) ಹೆಣ್ಣು ನೊಣ ಕಡಿಮೆ ಮೊಟ್ಟೆ ಇಡುತ್ತದೆ, ಆದರೆ ಜಾಸ್ತಿ ದಿನ ಬದುಕುತ್ತದೆ. ಇದು ಬರೀ ಕ್ಯಾಲೊರಿ ಲೆಕ್ಕವಲ್ಲ. ಅಷ್ಟೇ ಕ್ಯಾಲೊರಿಯನ್ನು ಸಕ್ಕರೆಯಲ್ಲಿ ಇಳಿಸಿದರೆ ಆಯಸ್ಸು ಅಷ್ಟು ಹೆಚ್ಚುವುದಿಲ್ಲ ಎಂದು 2005ರ ಪ್ರಯೋಗ ತೋರಿಸಿತು. ತೀರಾ ಇಳಿಸಿದರೆ ಹಸಿವಿನಿಂದಲೇ ಸಾಯುತ್ತವೆ, ಅಲ್ವಾ? ಹಾಗಾಗಿ ಎಷ್ಟು ತಿಂದಿವೆ ಅಂತ ತಿಳಿಯಲು ಆಹಾರಕ್ಕೆ ನೀಲಿ ಬಣ್ಣ ಬೆರೆಸಿಯೂ ನೋಡುತ್ತಾರೆ.