ಕಂಪ್ಯೂಟರ್ ಕೊಳ್ಳುವ ಮೊದಲು ಮಾಹಿತಿ ಹೊರತೆಗೆದು ನೋಡಿ

ಪ್ರಶ್ನೆ: ಸಾಗರದಲ್ಲಿ ನಮ್ಮ ಅಡಿಕೆ ಮಂಡಿಯಿದೆ, ಊರಿನ ಅನುದಾನಿತ ಪ್ರೌಢಶಾಲೆಯ ಆಡಳಿತ ಮಂಡಳಿಯಲ್ಲೂ ನಾನಿದ್ದೇನೆ. ಎರಡೂ ಕಡೆ ವಿಂಡೋಸ್ 10ರ ಹಳೆಯ ಕಂಪ್ಯೂಟರ್‌ಗಳಿವೆ. ಒಬ್ಬರು ಎಲ್ಲವನ್ನೂ ಕ್ಲೌಡ್‌ಗೆ (ಇಂಟರ್ನೆಟ್ ಮೂಲಕ ಬಳಸುವ, ಕಂಪನಿಯೊಂದರ ಸಂಗ್ರಹಕ್ಕೆ) ಹಾಕಿ ಎನ್ನುತ್ತಾರೆ, ಇನ್ನೊಬ್ಬರು ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿ ಎನ್ನುತ್ತಾರೆ. ಒಂದೇ ಕಂಪನಿಗೆ ಕಟ್ಟುಬೀಳದಂತೆ ಯಾವುದನ್ನು ಆರಿಸಬೇಕು?

ಉತ್ತರ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ, ಅಂದರೆ ಭದ್ರತಾ ಪರಿಷ್ಕರಣೆ, 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಬದಲಾವಣೆ ಅಗತ್ಯವೆಂಬುದು ನಿಜ, ಆದರೆ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಬೇಕೆಂಬುದು ಮಾರುವವರ ಮಾತು. ಯಾವ ಕಂಪ್ಯೂಟರ್ ಎಂದು ಕೇಳುವ ಮೊದಲು, ಒಳಗೆ ಹೋದ ಮಾಹಿತಿ ಬೇರೆಡೆ ಓದಲು ಬರುವ ರೂಪದಲ್ಲಿ ಹೊರಗೆ ಬರುತ್ತದೆಯೇ ಎಂದು ಕೇಳಿ.

ಮಂಡಿಯ ವಿಷಯದಲ್ಲಿ ಅವಸರ ಬೇಡ. ನೀವು ಲೆಕ್ಕ ಬರೆಯಲು ಟ್ಯಾಲಿ ಬಳಸುತ್ತಿದ್ದರೆ ಅದು ವಿಂಡೋಸ್‌ಗಾಗಿಯೇ ಮಾಡಿದ ತಂತ್ರಾಂಶವಾದ್ದರಿಂದ, ಅದಕ್ಕೊಂದು ಹೊಸ ವಿಂಡೋಸ್ ಯಂತ್ರವನ್ನು ಇಟ್ಟುಕೊಳ್ಳುವುದೇ ಸರಿ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು; ಅಷ್ಟು ಕಾಲ ಅವು ತೆರೆದು ಓದುವಂತೆಯೂ ಇರಬೇಕು. ಆದ್ದರಿಂದ ಪ್ರತಿ ಮಾರ್ಚ್ ಕೊನೆಗೆ ದಿನವಹಿ ಮತ್ತು ಲೆಡ್ಜರ್‌ಗಳನ್ನು ಎಕ್ಸ್‌ಎಂಎಲ್ (ಬೇರೆ ತಂತ್ರಾಂಶವೂ ಓದಬಲ್ಲ ರೂಪ) ಹಾಗೂ ಪಿಡಿಎಫ್ ರೂಪದಲ್ಲಿ ತೆಗೆದು ಬೇರೆ ಡಿಸ್ಕ್‌ನಲ್ಲಿಡಿ. ರೈತರ ಮುಂಗಡ, ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆ ಬಗೆಗಳ ತೂಕ ಮತ್ತು ದರವನ್ನು ಸ್ಥಳೀಯ ಎಂಜಿನಿಯರ್ ಒಬ್ಬರು ಬರೆದುಕೊಟ್ಟ ತಂತ್ರಾಂಶದಲ್ಲಿ ಇಟ್ಟಿದ್ದರೆ, ದೊಡ್ಡ ಕಂಪನಿಗಿಂತ ಆ ಒಬ್ಬರ ಮೇಲಿನ ಅವಲಂಬನೆಯೇ ಹೆಚ್ಚು ಬಿಗಿಯಾದದ್ದು. ಆ ತಂತ್ರಾಂಶ ಮಾಹಿತಿ ಇಡುವ ಡೇಟಾಬೇಸ್‌ನ ಪಾಸ್‌ವರ್ಡನ್ನು ಇಂದೇ ಕೇಳಿ ಪಡೆಯಿರಿ.

ಶಾಲೆಯಲ್ಲಿ ಎಲ್ಲರೂ ಮರೆಯುವ ಇನ್ನೊಂದು ತೊಡಕಿದೆ. ನುಡಿ ಅಥವಾ ಬರಹ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆ, ನಡಾವಳಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸಲಾಗಿರುತ್ತದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಪರಿವರ್ತಕಗಳ ಮೂಲಕ ಇವನ್ನು ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡ್ ಸಂಕೇತಕ್ಕೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಿಸಿ. ಈ ಕೆಲಸ ಮುಗಿಯದೆ ಯಾವ ವ್ಯವಸ್ಥೆಗೆ ಹೋದರೂ ಹಳೆಯ ಕಂಪ್ಯೂಟರೊಂದನ್ನು ಮೂಲೆಯಲ್ಲಿ ಉಳಿಸಿಕೊಳ್ಳಬೇಕಾಗುತ್ತದೆ. ಹೊಸ ಕಡತಗಳಿಗೆ 2006ರಲ್ಲಿ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನಕವಾದ ಓಡಿಎಫ್ ಎಂಬ ಕಡತ ರೂಪ ಸಾಕು. ಉಚಿತ ಕಚೇರಿ ತಂತ್ರಾಂಶವಾದ ಲಿಬ್ರೆ ಆಫೀಸ್ ಅದನ್ನೇ ಬಳಸುತ್ತದೆ.

ಕ್ಲೌಡ್ ಉಚಿತವೆಂದು ಅದನ್ನೇ ನೆಚ್ಚಬೇಡಿ. ಗೂಗಲ್ ಶಾಲೆಗಳಿಗೆ ಮಿತಿಯಿಲ್ಲದೆ ಕೊಟ್ಟಿದ್ದ ಸಂಗ್ರಹವನ್ನು 2022ರಿಂದ ಇಡೀ ಸಂಸ್ಥೆಗೆ 100 ಟೆರಾಬೈಟ್‌ಗೆ ಇಳಿಸಿತು. ನಿಮ್ಮ ಶಾಲೆಗೆ ಅಷ್ಟು ಧಾರಾಳವಾಗಿ ಸಾಕು, ಆದರೆ ಷರತ್ತು ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಗಮನಿಸಿ. ಅದಕ್ಕಿಂತ ಹೆಚ್ಚಾಗಿ, ಆಷಾಢದ ಮಳೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಮಲೆನಾಡಿನಲ್ಲಿ ಇಂಟರ್ನೆಟ್ ಇದ್ದರಷ್ಟೇ ನಡೆಯುವ ಪಾಠ ನನಗೆ ಒಪ್ಪಿಗೆಯಿಲ್ಲ.

ಹಾಗಾಗಿ ಶಾಲೆಯ ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕಿಸಿ. ಕೇರಳದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಲಿನಕ್ಸ್‌ನಂಥ ಸ್ವತಂತ್ರ ತಂತ್ರಾಂಶದಲ್ಲೇ ಪಾಠ ನಡೆಸುತ್ತಿವೆ. ಮೊದಲು ಒಂದೇ ಯಂತ್ರದಲ್ಲಿ ಹಾಕಿಸಿ, ನಿಮ್ಮ ಪ್ರಿಂಟರ್, ಪ್ರೊಜೆಕ್ಟರ್, ಕನ್ನಡ ಕೀಲಿಮಣೆ ಕೆಲಸ ಮಾಡುತ್ತವೆಯೇ ಎಂದು ಶಿಕ್ಷಕರಿಂದಲೇ ನೋಡಿಸಿ. ಖರೀದಿ ಆದೇಶದಲ್ಲಿ ಮಾತ್ರ ಒಂದು ಸಾಲು ಇರಲಿ: ಮಾಹಿತಿಯನ್ನು ಹೊರತೆಗೆದು ಬೇರೊಂದು ಯಂತ್ರದಲ್ಲಿ ತೆರೆದು ತೋರಿಸಿದ ಮೇಲಷ್ಟೇ ಕೊನೆಯ ಕಂತು ಪಾವತಿಯಾಗುತ್ತದೆ.