ಮೊದಲು ಕೇಳಿ, ಆಮೇಲೆ ಹೆಣೆಯಿರಿ

ಅಕ್ಕಾ, ನಮಸ್ಕಾರ. ಸಂಕ್ರಾಂತಿಗೆ ನಿಮ್ಮ ಅಪಾರ್ಟ್‌ಮೆಂಟ್ ಸಂತೆಯಲ್ಲಿ ಕ್ರೋಶಾ (ಕೊಕ್ಕೆ ಸೂಜಿಯ ಹೆಣಿಗೆ) ಬೊಂಬೆ, ಟೋಪಿ ಮಾರಿ ಬಂದ ದುಡ್ಡನ್ನು ಕ್ಯಾನ್ಸರ್ ಇರುವ ಮಕ್ಕಳಿಗೆ ಕೊಡಬೇಕು, ಉಳಿದ ಬೊಂಬೆಗಳನ್ನು ವಾರ್ಡಿನಲ್ಲಿ ಹಂಚಬೇಕು ಅಂತ ಬರೆದಿದ್ದೀರಿ. ಎಲ್ಲಿಂದ ಶುರು ಮಾಡಲಿ, ಹತ್ತು ಸಾವಿರ ಕೂಡಿದರೂ ಅದು ಯಾವ ಮೂಲೆಗೆ ಅಂತ ಕೇಳಿದ್ದೀರಿ. ನಾವು ನಾಲ್ಕು ಜನ ಗೆಳತಿಯರು ಮೂರು ವರ್ಷದಿಂದ ಇದನ್ನೇ ಮಾಡುತ್ತಿದ್ದೇವೆ. ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ನೂಲು ತರೋಕೆ ಮುಂಚೆ ಆಸ್ಪತ್ರೆಗೆ ಒಂದು ಸಲ ಹೋಗಿ ಬನ್ನಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇರಲಿ, ಬೇರೆ ಯಾವುದೇ ಇರಲಿ, ಅಲ್ಲಿನ ಸಮಾಜ ಕಾರ್ಯಕರ್ತರನ್ನು ಕಂಡು "ಈಗ ಏನು ಬೇಕು" ಅಂತ ಕೇಳಿ. ನಾವು ಮೊದಲ ವರ್ಷ ಕೇಳದೆ ಮೂವತ್ತು ಉಣ್ಣೆ ಟೋಪಿ ಹೆಣೆದುಕೊಂಡು ಹೋದೆವು. ಅಲ್ಲಿ ಧಾರವಾಡ ಕಡೆಯ ಒಬ್ಬ ತಾಯಿ ಕೂತಿದ್ದರು. ಕಸೂತಿ ಹಾಕುವವರು. ಟೋಪಿಯ ಮುಂಭಾಗವನ್ನು ಅವರು ನೋಡಲೇ ಇಲ್ಲ. ಕೈಗೆ ತಗೊಂಡವರೇ ಒಳಗೆ ಹೊರಗೆ ತಿರುಗಿಸಿ, ಹೆಬ್ಬೆರಳಿನಿಂದ ಒಳಗಡೆ ಸವರಿದರು. "ಇಲ್ಲಿ ಗಂಟು ಐತಲ್ರೀ. ಕೂದಲಿಲ್ಲದ ತಲೀಗೆ ಚುಚ್ಚತೈತ್ರಿ" ಅಂದರು. ಕಸೂತಿಯಲ್ಲಿ ಗಂಟೇ ಹಾಕೋದಿಲ್ಲ, ಅಲ್ವಾ? ಅವರ ಬೆರಳಿಗೆ ಅದು ತಕ್ಷಣ ಸಿಕ್ಕಿತು. ನಾವು ಮೂವತ್ತು ಟೋಪಿಯನ್ನೂ ವಾಪಸ್ ತಂದೆವು.

ಆಗಿನಿಂದ ಟೋಪಿಗೆ ಮೆತ್ತನೆಯ ಹತ್ತಿ ನೂಲು ಮಾತ್ರ. ಬಣ್ಣ ಬದಲಾಯಿಸುವಾಗ ಗಂಟು ಹಾಕಬೇಡಿ. ಎಳೆಯನ್ನು ಉದ್ದ ಬಿಟ್ಟು ಸೂಜಿಯಿಂದ ಹೆಣಿಗೆಯೊಳಗೇ ಹಿಂದಕ್ಕೆ ಮುಂದಕ್ಕೆ ಓಡಿಸಿ. ಮುಗಿದ ಮೇಲೆ ಒಳಮೈಯನ್ನು ನಿಮ್ಮ ಕೆನ್ನೆಗೆ ಉಜ್ಜಿ ನೋಡಿ, ಕೈಗಿಂತ ಕೆನ್ನೆಗೆ ಬೇಗ ಗೊತ್ತಾಗುತ್ತದೆ.

ಬೊಂಬೆ ಹಂಚುವ ವಿಷಯದಲ್ಲಿ ಇನ್ನೂ ಹುಷಾರು ಬೇಕು. ಕೀಮೋ, ಅಂದರೆ ಕ್ಯಾನ್ಸರ್‌ಗೆ ಕೊಡುವ ಔಷಧಿ ಚಿಕಿತ್ಸೆ, ನಡೆಯುವಾಗ ಮಕ್ಕಳ ಬಿಳಿ ರಕ್ತಕಣ ಇಳಿದುಹೋಗುತ್ತವೆ. ಸಣ್ಣ ಸೋಂಕೂ ದೊಡ್ಡದಾಗುತ್ತದೆ. ಹತ್ತಿ ತುಂಬಿದ ಬೊಂಬೆಯಲ್ಲಿ ಧೂಳು, ತೇವ ನಿಲ್ಲುತ್ತದೆ. ಹಾಗಾಗಿ ವಾರ್ಡಿನಲ್ಲಿ ಬೇಡ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಅವರು ಹೇಳೋದು ಸರಿ. ಬೊಂಬೆಯನ್ನು ಸಂತೆಗೇ ಇಡಿ. ಅಲ್ಲೂ ಮೂರು ವರ್ಷದೊಳಗಿನ ಮಕ್ಕಳಿಗೆ ಅಂತ ಮಾಡಿದರೆ ಗುಂಡಿ, ಮಣಿಯ ಕಣ್ಣು ಬೇಡ. ದಾರದಲ್ಲೇ ಕಣ್ಣು ಹೊಲಿಯಿರಿ.

ಈಗ ದುಡ್ಡಿನ ಮಾತು. ಬೊಂಬೆಯಲ್ಲಿ ಜಾಸ್ತಿ ಉಳಿಯೋದಿಲ್ಲ ಅಕ್ಕಾ. ನನಗೆ ಒಂದು ಬೊಂಬೆಗೆ ನೂಲು, ಹತ್ತಿ ಸೇರಿ ₹120 ಬೀಳುತ್ತದೆ, ಆರು ಗಂಟೆ ಹಿಡಿಯುತ್ತದೆ. ಸಂತೆಯಲ್ಲಿ ಜನ ₹250ಕ್ಕೇ ಚೌಕಾಸಿ ಮಾಡುತ್ತಾರೆ. ನಮ್ಮ ಕೈ ಹಿಡಿದದ್ದು ಸೀರೆ ಕುಚ್ಚು. ರೇಷ್ಮೆ ದಾರ, ಮಣಿ ಸೇರಿ ₹80ರೊಳಗೆ ಆಗುತ್ತದೆ. ಕ್ರೋಶಾ ಕುಚ್ಚಿಗೆ ₹450 ಸಲೀಸಾಗಿ ಕೊಡುತ್ತಾರೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಎರಡು ತಿಂಗಳು ಕೈ ಬಿಡುವಿರೋದಿಲ್ಲ. ನಿಮ್ಮ ಸಂಕ್ರಾಂತಿ ಸಂತೆಗೆ ಎಳ್ಳು ಬೆಲ್ಲ ತುಂಬಿ ಕೊಡುವ ಪುಟ್ಟ ಚೀಲ, ಬಾಗಿಲ ತೋರಣ ಇಡಿ. ಪಕ್ಕದಲ್ಲಿ ಕುಚ್ಚಿನ ಮಾದರಿ ತೂಗುಹಾಕಿ, ಆರ್ಡರ್ ಬರೆದುಕೊಳ್ಳಿ.

ಬೋರ್ಡಿನಲ್ಲಿ "ಸಾಮಾನಿನ ಖರ್ಚು ಕಳೆದು ಉಳಿದದ್ದೆಲ್ಲ ಮಕ್ಕಳಿಗೆ" ಅಂತ ಸ್ಪಷ್ಟವಾಗಿ ಬರೆಯಿರಿ. ಒಂದು ನೋಟ್‌ಬುಕ್ ಇಟ್ಟು ಲೆಕ್ಕ ಬರೆಯಿರಿ, ಕೇಳಿದವರಿಗೆ ತೋರಿಸಿ. ಬೊಂಬೆ ಕೊಂಡವರು 80ಜಿ ರಸೀದಿ, ಅಂದರೆ ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಪಡೆಯುವ ರಸೀದಿ, ಕೇಳುತ್ತಾರೆ. ಅವರು ಸಾಮಾನು ಕೊಂಡಿದ್ದಾರೆ, ದಾನ ಕೊಟ್ಟಿಲ್ಲ, ಹಾಗಾಗಿ ಅವರಿಗೆ ಅದು ಬರೋದಿಲ್ಲ. ಬರೀ ದಾನ ಕೊಡಬೇಕು ಅನ್ನುವವರು 80ಜಿ ನೋಂದಣಿ ಇರುವ ಸಂಸ್ಥೆಗೇ ನೇರವಾಗಿ ಕೊಡಲಿ. ನಗದಾಗಿ ₹2,000ಕ್ಕಿಂತ ಜಾಸ್ತಿ ಕೊಟ್ಟರೆ ತೆರಿಗೆ ವಿನಾಯಿತಿ ಇಲ್ಲ ಅಂತಲೂ ಹೇಳಿಬಿಡಿ. ಇನ್ನೊಂದು, ದಯವಿಟ್ಟು ಯಾವ ಮಗುವಿನ ಫೋಟೋ, ಹೆಸರು ಸ್ಟಾಲಿನಲ್ಲಿ ಹಾಕಬೇಡಿ. ಆ ಮಗು ನಾಳೆ ಶಾಲೆಗೆ ಹೋಗಬೇಕು.

"ನಮ್ಮ ಹತ್ತು ಸಾವಿರ ಯಾವ ಮೂಲೆಗೆ" ಅಂತ ಕೇಳಿದ್ದೀರಲ್ಲ, ಆ ಮಾತಿಗೇ ನಾನು ಇಷ್ಟು ಬರೆಯೋಕೆ ಕೂತದ್ದು. ಮಕ್ಕಳಲ್ಲಿ ಜಾಸ್ತಿ ಕಾಣೋದು ರಕ್ತದ ಕ್ಯಾನ್ಸರ್. ಅದರ ಚಿಕಿತ್ಸೆ ಎರಡು ಮೂರು ವರ್ಷ ನಡೆಯುತ್ತದೆ. ಬಿಪಿಎಲ್ ಮನೆಯವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಊಟ, ಬಾಡಿಗೆ, ಆಟೋ, ತಂದೆಯ ಕೂಲಿ ಹೋದದ್ದು, ಇವು ಯಾವ ಕಾರ್ಡಿನಲ್ಲೂ ಬರೋದಿಲ್ಲ. ಶಕ್ತಿ ಯೋಜನೆಯಿಂದ ತಾಯಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ, ತಂದೆಗೆ ಬೇಕಲ್ಲ? ಹತ್ತಾರು ಸಲ ಓಡಾಡಿ ಕೈ ಬರಿದಾದಾಗ ಮಗು ಸ್ವಲ್ಪ ಚೆನ್ನಾಗಿ ಕಂಡರೆ ಸಾಕು, ಮನೆಯವರು ಚಿಕಿತ್ಸೆ ನಿಲ್ಲಿಸಿ ಊರಿಗೆ ಹೋಗಿಬಿಡುತ್ತಾರೆ. ಕಾಯಿಲೆ ತಿರುಗಿ ಬರೋಕೆ ಅದೂ ಒಂದು ಕಾರಣ. ಹತ್ತು ಸಾವಿರಕ್ಕೆ ಆಪರೇಷನ್ ಆಗೋದಿಲ್ಲ ನಿಜ. ಒಂದು ಮಗು ಮುಂದಿನ ಕೀಮೋಗೆ ತಪ್ಪದೆ ಬರುವಂತೆ ಮಾಡೋಕೆ ಅದು ಧಾರಾಳವಾಗಿ ಸಾಕು. ಆಸ್ಪತ್ರೆಯವರನ್ನು ಕೇಳಿ, ಪ್ರಯಾಣ ಮತ್ತು ಊಟಕ್ಕೆ ಅಂತಲೇ ಗೊತ್ತುಮಾಡಿ ಕೊಡಿ. ರಸೀದಿ ತಗೊಳ್ಳಿ. ಕಾರಿಡಾರಿನಲ್ಲಿ ಸಿಕ್ಕವರ ಕೈಗೆ ನೋಟು ಕೊಡಬೇಡಿ, ಕೂತಿರುವ ಉಳಿದವರಿಗೆ ಕಷ್ಟವಾಗುತ್ತದೆ.

ರೈಲಿನ ವಿಷಯವೂ ಅಲ್ಲಿ ಸಿಕ್ಕವರಿಗೆ ಹೇಳಿ, ಎಷ್ಟೋ ಜನಕ್ಕೆ ಗೊತ್ತಿರೋದಿಲ್ಲ. ಆಸ್ಪತ್ರೆಯ ಪ್ರಮಾಣಪತ್ರ ತೋರಿಸಿದರೆ ಸ್ಲೀಪರ್ ಕ್ಲಾಸಿನಲ್ಲಿ ಕ್ಯಾನ್ಸರ್ ರೋಗಿಗೆ ಪೂರ್ತಿ ರಿಯಾಯಿತಿ, ಜೊತೆಗೆ ಬರುವ ಒಬ್ಬರಿಗೆ ಶೇ 75.

ಹೆಣೆಯೋಕೆ ಬಾರದ ನಿಮ್ಮ ಮನೆಯ ಹುಡುಗರು ಪ್ಲೇಟ್‌ಲೆಟ್ ಕೊಡಬಹುದು. ತೆಗೆದ ಮೇಲೆ ಅದು ಐದು ದಿನ ಮಾತ್ರ ಇರುತ್ತದೆ, ಹಾಗಾಗಿ ಯಾವಾಗಲೂ ಬೇಕಾಗುತ್ತದೆ.

ಸಂಕ್ರಾಂತಿ ಆಗಿ ಒಂದು ತಿಂಗಳಿಗೆ, ಫೆಬ್ರವರಿ 15ಕ್ಕೆ, ಅಂತರರಾಷ್ಟ್ರೀಯ ಮಕ್ಕಳ ಕ್ಯಾನ್ಸರ್ ದಿನ. ಅಷ್ಟರೊಳಗೆ ಲೆಕ್ಕ ಮುಗಿಸಿ ದುಡ್ಡು ತಲುಪಿಸಬಹುದು. ಶನಿವಾರ ನಾನು ಚಿಕ್ಕಪೇಟೆಗೆ ಹೋಗುತ್ತಿದ್ದೇನೆ. ಹತ್ತಿ ನೂಲು, ಕುಚ್ಚಿನ ದಾರ ಬೇಕಿದ್ದರೆ ಬಣ್ಣ ಇಲ್ಲೇ ಬರೆಯಿರಿ, ತಂದುಕೊಡುತ್ತೇನೆ.