ಕೀಮೊ ನಡುವೆ ಬಾಯಿಹುಣ್ಣು, ಕಸಿ ಕಿಡ್ನಿಗೆ ಹಲ್ಲುನೋವಿನ ಮಾತ್ರೆ

ಪ್ರಶ್ನೆ: ಅಮ್ಮನಿಗೆ 63 ವರ್ಷ. ಎರಡನೇ ಕೀಮೊ ಆಗಿ ಒಂಬತ್ತು ದಿನ. ಬಾಯಿ ಉರಿ ಎಂದು ತಿಳಿಸಾರನ್ನವನ್ನೂ ಒಲ್ಲೆನ್ನುತ್ತಾರೆ. ಹಲ್ಲುಸೆಟ್ಟಿನ ಕೆಳಗೆ, ಅಂಗುಳಲ್ಲಿ ಮೊಸರು ಅಂಟಿದಂತೆ ಬಿಳಿ ಕಲೆಗಳಿವೆ. ಮೌತ್‌ವಾಷ್ ಹಾಕಿದರೆ ಉರಿ ಹೆಚ್ಚುತ್ತದೆ. ಏನು ಮಾಡಲಿ?

ಉತ್ತರ: ಎರಡು ತೊಂದರೆ ಒಟ್ಟಿಗೆ ಬಂದಂತಿದೆ. ಕೀಮೊ ಔಷಧ ಬಾಯಿಯ ಒಳಪೊರೆ ಹೊಸದಾಗಿ ಬೆಳೆಯುವುದನ್ನೇ ತಡೆಯುತ್ತದೆ. ಅದಕ್ಕೇ ವಾರದ ಆಸುಪಾಸಿನಲ್ಲಿ ಹುಣ್ಣು ಏಳುತ್ತದೆ, ಸಾಮಾನ್ಯವಾಗಿ ಎರಡು-ಮೂರು ವಾರದಲ್ಲಿ ಮಾಯುತ್ತದೆ. ಬಿಳಿ ಕಲೆ ಬಹುಶಃ ಕ್ಯಾಂಡಿಡಾ ಎಂಬ ಶಿಲೀಂಧ್ರ. ಒರೆಸಿದರೆ ಕೆನೆಯಂತೆ ಎದ್ದು, ಅಡಿಯಲ್ಲಿ ಕೆಂಪಗೆ ಕಾಣುತ್ತದೆ. ನೀವು ಕೆರೆದು ನೋಡಬೇಡಿ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ ಕಡಿಮೆಯಿದ್ದರೆ ರಕ್ತ ನಿಲ್ಲದು.

ಆ ಮೌತ್‌ವಾಷ್‌ನಲ್ಲಿ ಆಲ್ಕೋಹಾಲ್ ಇದ್ದೀತು, ಬಿಟ್ಟುಬಿಡಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ (ಬೇಕಿಂಗ್ ಪೌಡರ್ ಅಲ್ಲ) ಕರಗಿಸಿ, ದಿನಕ್ಕೆ ನಾಲ್ಕರಿಂದ ಆರು ಸಲ ಮುಕ್ಕಳಿಸಿ ಉಗುಳಲಿ. ದಿನವೂ ಹೊಸದಾಗಿ ಮಾಡಿ. ಬ್ರಷ್ ಅತಿ ಮೃದುವಿರಲಿ. ಇದ್ದಿಲು, ಹಲ್ಲುಪುಡಿ ಬೇಡ.

ಶಿಲೀಂಧ್ರಕ್ಕೆ ವೈದ್ಯರು ಕ್ಲೋಟ್ರಿಮಜೋಲ್ ಅಥವಾ ನಿಸ್ಟಾಟಿನ್ ಬರೆಯಬಹುದು. ಸೆಟ್ಟು ತೆಗೆದೇ ಹಚ್ಚಬೇಕು, ಇಲ್ಲವಾದರೆ ಔಷಧ ಅಂಗುಳಿಗೆ ತಾಗುವುದೇ ಇಲ್ಲ. ಜೊತೆಗೆ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಮೌತ್‌ವಾಷ್ ಕೊಟ್ಟಿದ್ದರೆ ನಿಸ್ಟಾಟಿನ್‌ಗೂ ಅದಕ್ಕೂ ಅರ್ಧ ಗಂಟೆಯಾದರೂ ಅಂತರವಿರಲಿ. ಎರಡೂ ಕೂಡಿದರೆ ನಿಸ್ಟಾಟಿನ್ ಕೆಲಸ ಮಾಡದು. ಮನೆಯವರು ಸಾಮಾನ್ಯವಾಗಿ ಮರೆಯುವುದು ಸೆಟ್ಟನ್ನು. ಅಂಗುಳಿಗೆ ಕೂರುವ ಅದರ ಒಳಮೈಯಲ್ಲೇ ಶಿಲೀಂಧ್ರ ಮನೆ ಮಾಡಿರುತ್ತದೆ. ಸೋಪು ಹಾಕಿ ಬೇರೆ ಬ್ರಷ್‌ನಿಂದ ಉಜ್ಜಿ, ರಾತ್ರಿ ಹೊರಗಿಡಿ. ಹುಣ್ಣು ಮಾಯುವವರೆಗೆ ಊಟಕ್ಕಷ್ಟೇ ಹಾಕಿಕೊಳ್ಳಲಿ.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ. ಒಂಬತ್ತು-ಹತ್ತನೇ ದಿನದ ಹೊತ್ತಿಗೆ ಸೋಂಕಿನೊಡನೆ ಹೋರಾಡುವ ಬಿಳಿರಕ್ತಕಣ ತೀರಾ ಇಳಿದಿರುತ್ತದೆ. ಬಾಯಿಹುಣ್ಣಿನಿಂದಲೇ ಸೋಂಕು ರಕ್ತಕ್ಕೆ ಇಳಿಯಬಹುದು. ನೀರೂ ನುಂಗಲಾಗದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಕಿಡ್ನಿ ಕಸಿಯಾಗಿದೆ, ದೇಹ ಅದನ್ನು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ತೆಗೆದುಕೊಳ್ಳುತ್ತಿದ್ದೇನೆ. ಹಲ್ಲುನೋವಿಗೆ ಅಂಗಡಿಯಿಂದ ಮಾತ್ರೆ ತರಬಹುದೇ?

ಉತ್ತರ: ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ, ಕಿಡ್ನಿಗೆ ಪೆಟ್ಟು. ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಆಗುತ್ತದೆ. ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್‌ಗಳು, ಫ್ಲುಕೊನಜೋಲ್ ಎಂಬ ಶಿಲೀಂಧ್ರದ ಔಷಧ ಮೂರೂ ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಏರಿಸುತ್ತವೆ, ಅದು ಹೆಚ್ಚಾದರೂ ಕಿಡ್ನಿಗೆ ಪೆಟ್ಟು. ಹಾಗಾಗಿ ದಂತವೈದ್ಯರ ಬಳಿ ಹೋಗುವಾಗ ಎಲ್ಲ ಔಷಧಗಳ ಪಟ್ಟಿ ಕೈಯಲ್ಲಿರಲಿ, ಆ್ಯಂಟಿಬಯಾಟಿಕ್ ಬರೆಯುವ ಮುಂಚೆ ಅವರು ನಿಮ್ಮ ಕಿಡ್ನಿ ವೈದ್ಯರೊಡನೆ ಮಾತಾಡಲಿ.